ಅಂತರ್ಯುದ್ಧ ಮುಗಿದ ಹಳ್ಳಿಗಳಲ್ಲಿ ಮಕ್ಕಳ ಅಪೌಷ್ಟಿಕತೆ: ಪತ್ತೆಯಿಂದ ಚೇತರಿಕೆಯವರೆಗಿನ ಕೆಲಸ

ಅಂತರ್ಯುದ್ಧದಿಂದ ಹೊರಬರುತ್ತಿರುವ ಪ್ರದೇಶಗಳಿಗೆ ಕೆಲಸಕ್ಕೆ ಹೊರಟ ಶುಶ್ರೂಷಕಿಯರು, ವೈದ್ಯರು ಮತ್ತು ಸ್ವಯಂಸೇವಾ ಸಂಸ್ಥೆಗಳ ಸಂಯೋಜಕರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. ಗುಂಡಿನ ಸದ್ದು ನಿಂತಿದೆ, ಜನ ಊರಿಗೆ ಮರಳಿದ್ದಾರೆ, ಪಡಿತರವೂ ಬರುತ್ತಿದೆ, ಆದರೂ ಮಕ್ಕಳು ಸೊರಗುತ್ತಲೇ ಇದ್ದಾರೆ. ನಾವು ಎಲ್ಲಿಂದ ಆರಂಭಿಸಬೇಕು? ಈ ಲೇಖನ ಅವರಿಗಾಗಿ. ಇಲ್ಲಿರುವ ಅಳತೆಗಳು ಮತ್ತು ಪ್ರಮಾಣಗಳು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಗಳನ್ನು ಅನುಸರಿಸಿವೆ. ನೀವು ಕೆಲಸ ಮಾಡುವ ದೇಶಕ್ಕೆ ತನ್ನದೇ ಆದ ಚಿಕಿತ್ಸಾ ನಿಯಮಾವಳಿ ಇದ್ದರೆ ಅದೇ ಅಂತಿಮ.

ಆರಂಭಿಸುವ ಮುನ್ನ ಒಂದು ವಿಷಯ ಮನಸ್ಸಿನಲ್ಲಿರಲಿ. ಮಕ್ಕಳ ಅಪೌಷ್ಟಿಕತೆಯ ಕಾರಣಗಳನ್ನು ಯುನಿಸೆಫ್ 1990ರಲ್ಲಿ ಮೂರು ಪದರಗಳಾಗಿ ವಿಂಗಡಿಸಿತು. ಮೇಲಿನ ಪದರದಲ್ಲಿ ಸಾಕಾಗದ ಆಹಾರ ಮತ್ತು ಕಾಯಿಲೆ. ಅದರ ಕೆಳಗೆ ಮನೆಯ ಆಹಾರ ಭದ್ರತೆ, ಮಗುವಿನ ಆರೈಕೆ, ಆರೋಗ್ಯ ಸೇವೆ ಮತ್ತು ನೈರ್ಮಲ್ಯ. ಎಲ್ಲಕ್ಕೂ ಬುಡದಲ್ಲಿ ಸಮಾಜದ ಹಾಗೂ ಆಡಳಿತದ ವ್ಯವಸ್ಥೆ. ಯುದ್ಧವು ಈ ಮೂರನ್ನೂ ಒಟ್ಟಿಗೇ ಕೆಡಿಸುತ್ತದೆ, ಆದರೆ ಶಾಂತಿ ಒಪ್ಪಂದ ಮೂರನ್ನೂ ಒಟ್ಟಿಗೇ ಸರಿಪಡಿಸುವುದಿಲ್ಲ. ಮೊಜಾಂಬಿಕ್‌ನ ಅಂತರ್ಯುದ್ಧ 1992ರಲ್ಲಿ ಮುಗಿಯಿತು. ಆ ದೇಶ ನೆಲಬಾಂಬುಗಳಿಂದ ಮುಕ್ತವಾಗಿದೆಯೆಂದು ಘೋಷಿಸಲು ಸಾಧ್ಯವಾದದ್ದು 2015ರಲ್ಲಿ. ಇಂಥ ನೆಲದಲ್ಲಿ ಮರಳಿ ಬಂದ ಕುಟುಂಬಕ್ಕೆ ಹೊಲ ಕಣ್ಣೆದುರಿಗಿದ್ದರೂ ಅದರೊಳಗೆ ಕಾಲಿಡುವಂತಿರುವುದಿಲ್ಲ. ಬಿತ್ತನೆ ಬೀಜ ತಿಂದು ಮುಗಿದಿರುತ್ತದೆ, ದನಕರು ಕಳೆದುಹೋಗಿರುತ್ತವೆ, ಬಾವಿ ಕೆಟ್ಟಿರುತ್ತದೆ, ಲಸಿಕೆ ಹಾಕುತ್ತಿದ್ದವರು ಊರು ಬಿಟ್ಟಿರುತ್ತಾರೆ. ಆದ್ದರಿಂದ ಪಡಿತರ ಹಂಚಿಕೆಯ ಲೆಕ್ಕ ನೋಡಿ ಸಮಾಧಾನಪಡಬೇಡಿ. ಮಗುವಿನ ತೋಳಿನ ಅಳತೆ ಹೇಳುವುದನ್ನು ನಂಬಿ.

ತಿಳಿದಿರಬೇಕಾದ ಕೆಲವು ಪದಗಳು

ಅಪೌಷ್ಟಿಕತೆ ಒಂದೇ ಬಗೆಯದಲ್ಲ. ಎತ್ತರಕ್ಕೆ ತಕ್ಕ ತೂಕವಿಲ್ಲದೆ ಮಗು ಬಡಕಲಾಗುವುದಕ್ಕೆ ಕೃಶತೆ ಎನ್ನುತ್ತಾರೆ. ಇದು ಕೆಲವೇ ವಾರಗಳಲ್ಲಿ ಬರಬಹುದು, ಬೇಗನೆ ಕೊಲ್ಲಬಹುದು, ಸರಿಯಾದ ಚಿಕಿತ್ಸೆಯಿಂದ ಬೇಗನೆ ವಾಸಿಯೂ ಆಗಬಹುದು. ವಯಸ್ಸಿಗೆ ತಕ್ಕ ಎತ್ತರವಿಲ್ಲದಿರುವುದು ಕುಂಠಿತ ಬೆಳವಣಿಗೆ. ಇದು ಗರ್ಭಾವಸ್ಥೆಯಿಂದ ಎರಡನೇ ಹುಟ್ಟುಹಬ್ಬದವರೆಗಿನ ಸುಮಾರು 1000 ದಿನಗಳ ಕೊರತೆ ಮೆಲ್ಲಗೆ ಕೂಡಿ ಆಗುವಂಥದ್ದು. 1967ರಿಂದ 1970ರವರೆಗೆ ನೈಜೀರಿಯಾದಲ್ಲಿ ನಡೆದ ಬಿಯಾಫ್ರಾ ಯುದ್ಧದ ಹಸಿವಿಗೆ ಎಳವೆಯಲ್ಲಿ ಸಿಲುಕಿದ ಹೆಣ್ಣುಮಕ್ಕಳು ದೊಡ್ಡವರಾದ ಮೇಲೂ ಸರಾಸರಿ ಎತ್ತರದಲ್ಲಿ ಹಿಂದುಳಿದರೆಂದು ಅಧ್ಯಯನಗಳು ತೋರಿಸಿವೆ. ಮೂರನೆಯದು ಕಬ್ಬಿಣ, ವಿಟಮಿನ್ ಎ, ಅಯೋಡಿನ್‌ನಂಥ ಸೂಕ್ಷ್ಮ ಪೋಷಕಾಂಶಗಳ ಕೊರತೆ. ಹೊಟ್ಟೆ ತುಂಬಿದ ಮಗುವಿನಲ್ಲೂ ಇದು ಇರಬಹುದು.

ಈ ವ್ಯತ್ಯಾಸವನ್ನು ಮರೆತರೆ ಯೋಜನೆಯೇ ಹಳಿ ತಪ್ಪುತ್ತದೆ. ಕುಳ್ಳಗಿರುವ ಮಗುವಿಗೆಲ್ಲ, ತೀವ್ರ ಅಪೌಷ್ಟಿಕತೆಗೆಂದೇ ತಯಾರಿಸಿದ ಚಿಕಿತ್ಸಾ ಆಹಾರದ ಪೊಟ್ಟಣ ಹಂಚಿದರೆ ಅದರ ಎತ್ತರ ಹೆಚ್ಚುವುದಿಲ್ಲ, ಆದರೆ ಸಾಯುವ ಅಪಾಯದಲ್ಲಿರುವ ಕೃಶ ಮಗುವಿಗೆ ಸಿಗಬೇಕಾದ ಪೊಟ್ಟಣ ಖಾಲಿಯಾಗುತ್ತದೆ.

ಮೊದಲೇ ಸಿದ್ಧಪಡಿಸಿಕೊಳ್ಳಬೇಕಾದವು

ಮೂರು ಬಣ್ಣದ ತೋಳಳತೆ ಪಟ್ಟಿಗಳು, 0.1 ಸೆಂ.ಮೀ.ವರೆಗೆ ಓದಬಹುದಾದ ಎತ್ತರದ ಹಲಗೆ, ತೂಗುತಕ್ಕಡಿ ಮತ್ತು ಅದನ್ನು ಪ್ರತಿ ಬೆಳಗ್ಗೆ ಪರೀಕ್ಷಿಸಲು ತೂಕ ಗೊತ್ತಿರುವ ಒಂದು ವಸ್ತು, ಒಂದು ಗಟ್ಟಿ ರಟ್ಟಿನ ದಾಖಲೆ ಪುಸ್ತಕ, ಪ್ರತಿ ಮಗುವಿಗೊಂದು ಚೀಟಿ. ಇವಿಷ್ಟು ಸುಲಭವಾಗಿ ಸಿಗುತ್ತವೆ. ಕಷ್ಟದ್ದು ಎರಡು: ಗಂಭೀರ ಸ್ಥಿತಿಯ ಮಕ್ಕಳನ್ನು ದಾಖಲಿಸಿಕೊಳ್ಳಲು ರಾತ್ರಿಯೂ ಸಿಬ್ಬಂದಿಯಿರುವ ಆಸ್ಪತ್ರೆ, ಮತ್ತು ಅಲ್ಲಿಗೆ ಕರೆದೊಯ್ಯಲು ಖಚಿತವಾದ ವಾಹನ. ಇವೆರಡೂ ಇಲ್ಲದೆ ಪತ್ತೆ ಕಾರ್ಯ ಆರಂಭಿಸಬೇಡಿ. ಮಗು ಸಾಯುವ ಸ್ಥಿತಿಯಲ್ಲಿದೆಯೆಂದು ತಾಯಿಗೆ ಹೇಳಿ ಆಮೇಲೆ ಕೈಚೆಲ್ಲಿ ನಿಂತರೆ ಆ ಹಳ್ಳಿ ನಿಮ್ಮನ್ನು ಮತ್ತೆ ಹತ್ತಿರ ಸೇರಿಸುವುದಿಲ್ಲ, ಸೇರಿಸಬೇಕಾಗಿಯೂ ಇಲ್ಲ.

ಹಂತ 1: ಊರಿನ ಒಪ್ಪಿಗೆ ಪಡೆಯಿರಿ

ಯುದ್ಧ ಕಂಡ ಊರಿನಲ್ಲಿ ಮನೆಮನೆಗೆ ಬಂದು ಹೆಸರು ಬರೆದುಕೊಂಡವರ ನೆನಪು ಒಳ್ಳೆಯದಿರುವುದಿಲ್ಲ. ಬಲವಂತದ ಸೈನಿಕ ಭರ್ತಿಯಾದದ್ದೂ, ಜನ ಕಾಣೆಯಾದದ್ದೂ ಹಲವೆಡೆ ಇಂಥ ಪಟ್ಟಿಗಳಿಂದಲೇ. ಆದ್ದರಿಂದ ಪುಸ್ತಕ ತೆರೆಯುವ ಮೊದಲು ಊರಿನ ಹಿರಿಯರು, ಸೂಲಗಿತ್ತಿಯರು, ಧಾರ್ಮಿಕ ಮುಖಂಡರು ಮತ್ತು ಮುಖ್ಯವಾಗಿ ತಾಯಂದಿರ ಜೊತೆ ಕುಳಿತು, ಏನನ್ನು ಬರೆದುಕೊಳ್ಳುತ್ತೀರಿ, ಅದು ಯಾರ ಕೈಯಲ್ಲಿರುತ್ತದೆ, ಯಾರಿಗೆ ಕೊಡುವುದಿಲ್ಲ ಎಂಬುದನ್ನು ಬಿಡಿಸಿ ಹೇಳಿ. ಜಾತಿ, ಬುಡಕಟ್ಟು, ಯಾವ ಪಕ್ಷದ ಪರ ಹೋರಾಡಿದರು ಎಂಬ ವಿವರ ಚಿಕಿತ್ಸೆಗೆ ಬೇಕಿಲ್ಲ, ಅದನ್ನು ಕೇಳಲೇಬೇಡಿ.

ಊರು ಬಿಡದೆ ಉಳಿದವರು, ಶಿಬಿರದಿಂದ ಮರಳಿದವರು, ಆಯುಧ ಕೆಳಗಿಟ್ಟು ಬಂದವರ ಕುಟುಂಬಗಳು ಒಂದೇ ಹಳ್ಳಿಯಲ್ಲಿದ್ದರೂ ಒಬ್ಬರ ಮನೆಗೊಬ್ಬರು ಹೋಗದಿರಬಹುದು. ಸ್ವಯಂಸೇವಕಿಯರನ್ನು ಎಲ್ಲ ಗುಂಪುಗಳಿಂದಲೂ ಆರಿಸಿ. ಒಂದೇ ಗುಂಪಿನವರನ್ನು ನೇಮಿಸಿದರೆ ಉಳಿದ ಮನೆಗಳ ಮಕ್ಕಳು ನಿಮ್ಮ ಪುಸ್ತಕದಲ್ಲಿ ಕಾಣುವುದೇ ಇಲ್ಲ, ಮತ್ತು ಆ ಮನೆಗಳಲ್ಲಿ ಅಪೌಷ್ಟಿಕತೆ ಇಲ್ಲವೆಂದು ನೀವು ತಪ್ಪಾಗಿ ಭಾವಿಸುತ್ತೀರಿ. ವಾರದ ಚಿಕಿತ್ಸಾ ಕೇಂದ್ರಕ್ಕೆ ಹಿಂದೆ ಸೈನ್ಯದ ಠಾಣ್ಯವಾಗಿದ್ದ ಕಟ್ಟಡವನ್ನು, ಅದು ಎಷ್ಟೇ ಗಟ್ಟಿಮುಟ್ಟಾಗಿದ್ದರೂ, ಬಳಸಬೇಡಿ. ತಾಯಂದಿರು ಕೇಂದ್ರಕ್ಕೆ ನಡೆದುಬರುವ ದಾರಿಯಲ್ಲಿ ನೆಲಬಾಂಬಿನ ಅಪಾಯವಿಲ್ಲವೆಂದು ಆ ಪ್ರದೇಶದ ಬಾಂಬು ತೆರವು ತಂಡದಿಂದ ಖಚಿತಪಡಿಸಿಕೊಳ್ಳಿ. ಹತ್ತಿರದ ದಾರಿಗಿಂತ ಜನ ದಿನವೂ ತುಳಿಯುವ ದಾರಿಯೇ ಮೇಲು.

ಹಂತ 2: ಮನೆಮನೆಗೆ ಹೋಗಿ ಅಳೆಯಿರಿ

ತೀರಾ ಬಡಕಲಾದ ಮಗು ಕೇಂದ್ರಕ್ಕೆ ತಾನಾಗಿ ಬರುವುದಿಲ್ಲ. ಅದರ ತಾಯಿ ಕೂಲಿಗೆ ಹೋಗಿರುತ್ತಾಳೆ, ಇಲ್ಲವೇ ಅಜ್ಜಿಯ ಬಳಿ ಬಿಟ್ಟ ಅನಾಥ ಮಗುವಾಗಿರುತ್ತದೆ, ಇಲ್ಲವೇ ಮನೆಯವರು ಅದನ್ನು ದೃಷ್ಟಿ ತಾಗಿದ್ದೆಂದೋ ಹಲ್ಲು ಬರುವ ಕಾಲದ ಬಳಲಿಕೆಯೆಂದೋ ತಿಳಿದಿರುತ್ತಾರೆ. ಆದ್ದರಿಂದ ನೀವೇ ಹೋಗಬೇಕು.

6ರಿಂದ 59 ತಿಂಗಳ ಮಕ್ಕಳಿಗೆ ತೋಳಿನ ಅಳತೆ ಸಾಕು. ಎಡಗೈಯನ್ನು ಮೊಣಕೈಯಲ್ಲಿ ಮಡಚಿ, ಭುಜದ ಮೂಳೆಯ ತುದಿಯಿಂದ ಮೊಣಕೈ ಮೂಳೆಯ ತುದಿಯವರೆಗಿನ ಮಧ್ಯಬಿಂದುವನ್ನು ಗುರುತಿಸಿ. ಆಮೇಲೆ ಕೈಯನ್ನು ಸಡಿಲವಾಗಿ ಇಳಿಬಿಟ್ಟು ಆ ಬಿಂದುವಿನ ಸುತ್ತ ಪಟ್ಟಿ ಹಾಕಿ. ಪಟ್ಟಿ ಚರ್ಮಕ್ಕೆ ಅಂಟಿರಬೇಕು, ಚರ್ಮ ಮಡಿಕೆಯಾಗಬಾರದು. 115 ಮಿ.ಮೀ.ಗಿಂತ ಕಡಿಮೆಯಿದ್ದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. 115ರಿಂದ 125ಕ್ಕಿಂತ ಕೆಳಗೆ ಹಳದಿ, ಅಂದರೆ ಮಧ್ಯಮ ಮಟ್ಟದ್ದು. 125 ಮತ್ತು ಮೇಲೆ ಹಸಿರು. ತಪ್ಪಾಗುವುದು ಹೆಚ್ಚಾಗಿ ಪಟ್ಟಿಯನ್ನು ಬಿಗಿಯಾಗಿ ಎಳೆಯುವುದರಿಂದ ಮತ್ತು ಅಳುವ ಮಗುವಿನ ಕೈ ಬಿಗಿದಿರುವಾಗಲೇ ಓದಿಬಿಡುವುದರಿಂದ. ಮಗುವನ್ನು ತಾಯಿಯ ಮಡಿಲಲ್ಲೇ ಕೂರಿಸಿ, ಸಮಾಧಾನವಾಗುವವರೆಗೆ ಕಾಯಿರಿ.

ತೋಳು ಹಸಿರು ತೋರಿಸಿದರೂ ಪಾದ ನೋಡದೆ ಮುಂದಿನ ಮನೆಗೆ ಹೋಗಬೇಡಿ. ಎರಡೂ ಪಾದಗಳ ಮೇಲ್ಭಾಗದಲ್ಲಿ ಹೆಬ್ಬೆರಳುಗಳನ್ನಿಟ್ಟು ಮೂರು ಸೆಕೆಂಡುಗಳ ಕಾಲ ಮೆಲ್ಲಗೆ ಒತ್ತಿ ಹಿಡಿಯಿರಿ, ಬಿಟ್ಟು ನೋಡಿ. ಎರಡೂ ಕಡೆ ಗುಳಿ ಹಾಗೇ ಉಳಿದರೆ ಅದು ಪೋಷಣೆಯ ಕೊರತೆಯಿಂದ ಬಂದ ಬಾವು. ತೋಳಿನ ಅಳತೆ ಎಷ್ಟೇ ಇರಲಿ, ಆ ಮಗು ತೀವ್ರ ಅಪೌಷ್ಟಿಕತೆಯ ಪಟ್ಟಿಗೆ ಸೇರಬೇಕು. ಒಂದೇ ಕಾಲಿನಲ್ಲಿ ಗುಳಿ ಬಿದ್ದರೆ ಅದು ಗಾಯ ಅಥವಾ ಸೋಂಕಿನದಿರಬಹುದು. ಬಾವು ಬಂದ ಮಗು ದುಂಡಗೆ ಕಾಣುತ್ತದೆ, ಹೆತ್ತವರಿಗೆ ಮಗು ಮೈತುಂಬಿಕೊಂಡಂತೆ ತೋರುತ್ತದೆ. ಇದರಿಂದಲೇ ಇಂಥ ಮಕ್ಕಳು ಕಣ್ತಪ್ಪಿ ಉಳಿದುಬಿಡುತ್ತಾರೆ.

ಜನನ ದಾಖಲೆಗಳು ಸುಟ್ಟುಹೋದ ಊರಲ್ಲಿ ವಯಸ್ಸು ತಿಳಿಯುವುದು ಹೇಗೆ ಎಂದು ಹಲವರು ಕೇಳುತ್ತಾರೆ. ಹಿರಿಯರ ಜೊತೆ ಕುಳಿತು ಒಂದು ಘಟನಾ ಪಂಚಾಂಗ ಮಾಡಿಕೊಳ್ಳಿ: ದೊಡ್ಡ ನೆರೆ ಬಂದದ್ದು, ಊರು ಬಿಟ್ಟು ಓಡಿದ್ದು, ಶಿಬಿರ ಸೇರಿದ್ದು, ಕದನವಿರಾಮವಾದದ್ದು, ಮೊದಲ ಕೊಯ್ಲು. ಮಗು ಇವುಗಳಲ್ಲಿ ಯಾವುದಕ್ಕೆ ಮೊದಲು, ಯಾವುದರ ನಂತರ ಹುಟ್ಟಿತೆಂದು ತಾಯಿಯನ್ನು ಕೇಳಿದರೆ ತಿಂಗಳ ಅಂದಾಜು ಸಿಗುತ್ತದೆ. ಆದರೆ ಕೇಳುವಾಗ ಜೋಪಾನ, ಈ ಘಟನೆಗಳಲ್ಲಿ ಕೆಲವು ಆಕೆಯ ಮನೆಯ ಸಾವುಗಳೂ ಆಗಿರುತ್ತವೆ. ಅಂದಾಜೂ ಸಿಗದಿದ್ದರೆ 65 ಸೆಂ.ಮೀ.ಯಿಂದ 110 ಸೆಂ.ಮೀ.ವರೆಗಿನ ಉದ್ದ ಅಥವಾ ಎತ್ತರವನ್ನು 6ರಿಂದ 59 ತಿಂಗಳ ವಯಸ್ಸಿಗೆ ಬದಲಾಗಿ ಬಳಸುವ ರೂಢಿಯಿದೆ. ಕುಂಠಿತ ಬೆಳವಣಿಗೆ ಹೆಚ್ಚಿರುವ ಊರಿನಲ್ಲಿ 65 ಸೆಂ.ಮೀ. ಮುಟ್ಟದ ಹತ್ತು ತಿಂಗಳ ಮಗುವೂ ಇರುತ್ತದೆಯೆಂಬುದು ನೆನಪಿರಲಿ.

ಈ ಅಳತೆಯನ್ನು ಮುಂದೆ ತಾಯಂದಿರಿಗೇ ಕಲಿಸಿ. ಅಲ್ಪ ತರಬೇತಿ ಪಡೆದ ತಾಯಂದಿರು ಆರೋಗ್ಯ ಕಾರ್ಯಕರ್ತೆಯರಷ್ಟೇ ಚೆನ್ನಾಗಿ ಮಕ್ಕಳನ್ನು ಪತ್ತೆಹಚ್ಚುತ್ತಾರೆಂದು ನೈಜರ್‌ನಲ್ಲಿ ನಡೆದ ಅಧ್ಯಯನ ತೋರಿಸಿದೆ. ರಸ್ತೆ ಕಡಿದುಹೋಗುವ ಮಳೆಗಾಲದಲ್ಲಿ ಇದರ ಬೆಲೆ ತಿಳಿಯುತ್ತದೆ.

ಹಂತ 3: ಯಾರನ್ನು ಆಸ್ಪತ್ರೆಗೆ ಕಳಿಸಬೇಕು, ಯಾರಿಗೆ ಮನೆಯಲ್ಲೇ ಚಿಕಿತ್ಸೆ ಎಂದು ವಿಂಗಡಿಸಿ

ಕೆಂಪು ಪಟ್ಟಿಯ ಎಲ್ಲ ಮಕ್ಕಳೂ ಆಸ್ಪತ್ರೆ ಸೇರಬೇಕಿಲ್ಲ. ಹಿಂದೆ ಹಾಗೆಯೇ ಮಾಡುತ್ತಿದ್ದರು. ತಾಯಿ ವಾರಗಟ್ಟಲೆ ಮನೆ ಬಿಟ್ಟು, ಉಳಿದ ಮಕ್ಕಳನ್ನು ಯಾರಿಗೋ ಒಪ್ಪಿಸಿ ಆಸ್ಪತ್ರೆಯಲ್ಲಿರಬೇಕಾಗಿತ್ತು, ಬಹಳಷ್ಟು ಮಂದಿ ಬರುತ್ತಲೇ ಇರಲಿಲ್ಲ. 2000ದ ಹೊತ್ತಿಗೆ ಇಥಿಯೋಪಿಯಾದಲ್ಲಿ ಆರಂಭವಾದ ಸಮುದಾಯ ಆಧಾರಿತ ಚಿಕಿತ್ಸೆಯನ್ನು 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮತ್ತು ವಿಶ್ವ ಆಹಾರ ಕಾರ್ಯಕ್ರಮಗಳು ಜಂಟಿಯಾಗಿ ಅನುಮೋದಿಸಿದವು. ಈಗ ತೊಡಕುಗಳಿಲ್ಲದ ಮಗುವಿಗೆ ಮನೆಯೇ ಚಿಕಿತ್ಸೆಯ ಜಾಗ.

ವಿಂಗಡಣೆಗೆ ಮೂರು ಪ್ರಶ್ನೆಗಳು. ಅಪಾಯದ ಚಿಹ್ನೆಗಳಿವೆಯೇ? ಕುಡಿಯಲು ಅಥವಾ ಮೊಲೆ ಚೀಪಲು ಆಗದಿರುವುದು, ತಿಂದದ್ದೆಲ್ಲ ವಾಂತಿಯಾಗುವುದು, ಅಪಸ್ಮಾರದಂಥ ಸೆಳೆತ, ಮಂಪರು ಅಥವಾ ಪ್ರಜ್ಞೆ ತಪ್ಪಿರುವುದು, ಇವುಗಳಲ್ಲಿ ಒಂದಿದ್ದರೂ ಆಸ್ಪತ್ರೆ. ಬಾವು ಮುಖದವರೆಗೆ ಹರಡಿದೆಯೇ? ಹರಡಿದ್ದರೆ ಆಸ್ಪತ್ರೆ. ಮೂರನೆಯದು ಹಸಿವಿನ ಪರೀಕ್ಷೆ: ಮಗು ಚಿಕಿತ್ಸಾ ಆಹಾರವನ್ನು ತಿನ್ನುತ್ತದೆಯೇ?

ಈ ಪರೀಕ್ಷೆಯನ್ನು ಅವಸರದಲ್ಲಿ ಮುಗಿಸುವುದೇ ಕೇಂದ್ರಗಳಲ್ಲಿ ಆಗುವ ಅತಿ ದೊಡ್ಡ ತಪ್ಪು. ಗದ್ದಲದಿಂದ ದೂರ ಒಂದು ನೆರಳಿನ ಜಾಗ ಹುಡುಕಿ. ತಾಯಿ ಕೈ ತೊಳೆದುಕೊಂಡು, ಮಗುವನ್ನು ಮಡಿಲಲ್ಲಿಟ್ಟುಕೊಂಡು, ಪೊಟ್ಟಣದ ಮೂಲೆಯನ್ನು ಹರಿದು ತುಸುತುಸುವೇ ಹಿಂಡಿ ಬೆರಳಿನಿಂದ ಬಾಯಿಗಿಡಲಿ. ಪಕ್ಕದಲ್ಲಿ ಒಂದು ಲೋಟ ಶುದ್ಧ ನೀರಿರಲಿ. ಮೊದಲ ಬಾರಿಗೆ ಈ ರುಚಿ ನೋಡುವ ಮಗು ಮುಖ ತಿರುಗಿಸುವುದು ಸಹಜ. ಅರ್ಧ ಗಂಟೆಯವರೆಗೂ ಕಾಯಿರಿ, ಬಲವಂತ ಮಾಡಬೇಡಿ. ಅಷ್ಟಾದರೂ ತಿನ್ನದಿದ್ದರೆ ಅದು ಹಟವಲ್ಲ, ಒಳಗೆ ಸೋಂಕೋ ದೇಹದ ವ್ಯವಸ್ಥೆಯ ಕುಸಿತವೋ ಇದೆಯೆಂಬುದರ ಸೂಚನೆ, ಮತ್ತು ಮಗುವನ್ನು ಅದೇ ದಿನ ಆಸ್ಪತ್ರೆಗೆ ಕಳಿಸಬೇಕು. ಕಳಿಸುವಾಗ ಎಚ್ಚರವಾಗಿರುವ ಮಗುವಿಗೆ 50 ಮಿ.ಲೀ. ಶುದ್ಧ ನೀರಿಗೆ ಒಂದು ಚಹಾ ಚಮಚ ಸಕ್ಕರೆ ಕರಗಿಸಿ ಕುಡಿಸಿ, ಮೈ ಬೆಚ್ಚಗಿರಿಸಿ. ರಕ್ತದ ಸಕ್ಕರೆ ಇಳಿದು ದಾರಿಯಲ್ಲೇ ಸಾಯುವ ಮಕ್ಕಳನ್ನು ಇಷ್ಟರಿಂದಲೇ ಉಳಿಸಬಹುದು.

ಹಂತ 4: ಆಸ್ಪತ್ರೆಯ ಮೊದಲ ದಿನಗಳಲ್ಲಿ ನಿಧಾನವೇ ಚಿಕಿತ್ಸೆ

ನೀವು ವೈದ್ಯರಲ್ಲದಿದ್ದರೂ ಈ ಹಂತ ತಿಳಿದಿರಬೇಕು, ಏಕೆಂದರೆ ಪ್ರೀತಿಯಿಂದಲೇ ಮಗುವಿಗೆ ಕೆಡುಕಾಗುವುದು ಇಲ್ಲಿ. ತೀವ್ರ ಅಪೌಷ್ಟಿಕತೆಯಲ್ಲಿ ಹೃದಯ, ಯಕೃತ್ತು, ಮೂತ್ರಪಿಂಡಗಳೆಲ್ಲ ತಮ್ಮ ಕೆಲಸ ತಗ್ಗಿಸಿಕೊಂಡಿರುತ್ತವೆ. ಒಮ್ಮೆಲೇ ಹೆಚ್ಚು ಆಹಾರ ಅಥವಾ ದ್ರವ ಕೊಟ್ಟರೆ ಹೃದಯ ಸೋತು ಮಗು ಸಾಯಬಹುದು. ಆದ್ದರಿಂದ ಆರಂಭದಲ್ಲಿ ಎಫ್-75 ಎಂಬ ಹಾಲು ಕೊಡುತ್ತಾರೆ, 100 ಮಿ.ಲೀ.ಗೆ 75 ಕಿಲೋ ಕ್ಯಾಲರಿ, ಪ್ರೋಟೀನು ಕಡಿಮೆ. ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 130 ಮಿ.ಲೀ., ತೀವ್ರ ಬಾವಿದ್ದರೆ 100 ಮಿ.ಲೀ., ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ತಪ್ಪದೆ. ರಾತ್ರಿಯ ಒಂದು ಸರದಿ ತಪ್ಪಿದರೂ ರಕ್ತದ ಸಕ್ಕರೆ ಮತ್ತು ಮೈಯ ಶಾಖ ಇಳಿಯುತ್ತವೆ. ಹಸಿವು ಮರಳಿ ಬಾವು ಇಳಿಯತೊಡಗಿದ ಮೇಲಷ್ಟೇ ಹೆಚ್ಚು ಕ್ಯಾಲರಿಯ ಎಫ್-100 ಹಾಲಿಗೆ ಅಥವಾ ಪೊಟ್ಟಣದ ಚಿಕಿತ್ಸಾ ಆಹಾರಕ್ಕೆ ಮೆಲ್ಲಗೆ ದಾಟಿಸುತ್ತಾರೆ.

ಮೂರು ನಿಷೇಧಗಳನ್ನು ಗೋಡೆಯ ಮೇಲೆ ಬರೆಸಿ. ಆಘಾತದ ಸ್ಥಿತಿ, ಅಂದರೆ ರಕ್ತ ಸಂಚಾರ ಕುಸಿದ ಸ್ಥಿತಿ, ಇಲ್ಲದೆ ರಕ್ತನಾಳದ ಮೂಲಕ ದ್ರವ ಹಾಕಬಾರದು. ಬಾವು ಇಳಿಸಲು ಮೂತ್ರ ಹೆಚ್ಚಿಸುವ ಔಷಧ ಕೊಡಬಾರದು. ಈ ಮೊದಲ ಹಂತದಲ್ಲಿ ರಕ್ತಹೀನತೆ ಕಂಡರೂ ಕಬ್ಬಿಣದ ಔಷಧ ಕೊಡಬಾರದು, ಅದು ಸೋಂಕನ್ನು ಉಲ್ಬಣಗೊಳಿಸಬಹುದು.

ಬಾವು ಇಳಿಯುವಾಗ ಮಗುವಿನ ತೂಕವೂ ಇಳಿಯುತ್ತದೆ, ಮುಖ ಸೊರಗಿ ಕಾಣುತ್ತದೆ. ಮಗು ಹದಗೆಡುತ್ತಿದೆಯೆಂದು ಹೆದರಿ ತಾಯಂದಿರು ಮನೆಗೆ ಎತ್ತಿಕೊಂಡು ಹೋಗುವುದು ಹೆಚ್ಚಾಗಿ ಈ ದಿನಗಳಲ್ಲೇ. ಇಳಿಯುತ್ತಿರುವುದು ನೀರು, ಇದು ಗುಣವಾಗುತ್ತಿರುವ ಲಕ್ಷಣ ಎಂದು ದಾಖಲಾದ ದಿನವೇ ಹೇಳಿಡಿ.

ಹಂತ 5: ಮನೆಯ ಚಿಕಿತ್ಸೆ, ವಾರದ ಭೇಟಿ

ಕ್ಷೇತ್ರದಲ್ಲಿ ಆರ್‌ಯುಟಿಎಫ್ ಎಂದು ಕರೆಯುವ ಪೊಟ್ಟಣದ ಚಿಕಿತ್ಸಾ ಆಹಾರವು ನೆಲಗಡಲೆ, ಹಾಲಿನಪುಡಿ, ಸಕ್ಕರೆ, ಎಣ್ಣೆ, ವಿಟಮಿನ್ ಹಾಗೂ ಖನಿಜಾಂಶಗಳನ್ನು ಬೆರೆಸಿ ಮಾಡಿದ ಮೆತ್ತನೆಯ ಹಿಟ್ಟು. ಇದರಲ್ಲಿ ನೀರಿನಂಶ ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದ ಸೂಕ್ಷ್ಮಾಣುಗಳು ಬೆಳೆಯುವುದಿಲ್ಲ, ಬೇಯಿಸಬೇಕಿಲ್ಲ. 92 ಗ್ರಾಂ ಪೊಟ್ಟಣದಲ್ಲಿ ಸುಮಾರು 500 ಕಿಲೋ ಕ್ಯಾಲರಿ ಇರುತ್ತದೆ. 2023ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 150ರಿಂದ 185 ಕಿಲೋ ಕ್ಯಾಲರಿ ಬೇಕು. ಅಂದರೆ 7 ಕಿಲೋ ತೂಗುವ ಮಗುವಿಗೆ ದಿನಕ್ಕೆ ಎರಡರಿಂದ ಎರಡೂವರೆ ಪೊಟ್ಟಣ. ಮೊದಲು ಎದೆಹಾಲು, ಆಮೇಲೆ ಪೊಟ್ಟಣ, ಉಳಿದ ಊಟ ಕೊನೆಗೆ. ಜೊತೆಗೆ ಕುಡಿಯಲು ಶುದ್ಧ ನೀರು ಬೇಕೇಬೇಕು.

ವಾರಕ್ಕೊಮ್ಮೆ ತೂಕ, ತೋಳು, ಬಾವು, ಹಸಿವು ನೋಡಿ ಮುಂದಿನ ವಾರದ ಪೊಟ್ಟಣ ಕೊಡಿ. ತೂಕ ಏರದಿದ್ದರೆ ತಾಯಿಯನ್ನು ಗದರಬೇಡಿ. ಆ ಪೊಟ್ಟಣ ಮನೆಯ ಮೂರು ನಾಲ್ಕು ಮಕ್ಕಳಲ್ಲಿ ಹಂಚಿಹೋಗಿರುವ ಸಾಧ್ಯತೆ ಹೆಚ್ಚು. ಹಸಿದ ಮನೆಯಲ್ಲಿ ಒಂದು ಮಗುವಿಗಷ್ಟೇ ತಿನ್ನಿಸಿ ಉಳಿದವರ ಮುಖ ನೋಡಬೇಡವೆಂದು ಯಾವ ತಾಯಿಗೂ ಹೇಳಲಾಗದು. ಇದಕ್ಕೆ ಇರುವ ಸರಿಯಾದ ದಾರಿ ಆ ಮನೆಯನ್ನು ಕುಟುಂಬ ಪಡಿತರ ಅಥವಾ ನಗದು ನೆರವಿನ ಪಟ್ಟಿಗೆ ಸೇರಿಸುವುದು. ಬಾರದೆ ಉಳಿದ ಮಗುವಿನ ಮನೆಗೆ ಅದೇ ವಾರ ಸ್ವಯಂಸೇವಕಿ ಹೋಗಲಿ, ಕಾರಣವನ್ನು ಪುಸ್ತಕದಲ್ಲಿ ಬರೆಯಲಿ: ದೂರ, ಹೊಳೆ ತುಂಬಿದೆ, ಬಿತ್ತನೆ ಕೆಲಸ, ದಾರಿಯ ತನಿಖಾ ಠಾಣೆಯ ಭಯ. ಒಂದೇ ಕಾರಣ ಮತ್ತೆ ಮತ್ತೆ ಕಂಡರೆ ಬದಲಾಗಬೇಕಾದದ್ದು ಕೇಂದ್ರದ ಜಾಗ ಅಥವಾ ದಿನ.

ತೋಳು 125 ಮಿ.ಮೀ. ತಲುಪಿ, ಬಾವಿಲ್ಲದೆ ಎರಡು ವಾರ ಕಳೆದ ಮೇಲೆ ಚಿಕಿತ್ಸೆಯಿಂದ ಬಿಡುಗಡೆ ಮಾಡಿ. ಎತ್ತರಕ್ಕೆ ತಕ್ಕ ತೂಕ ನೋಡಿ ದಾಖಲಿಸಿಕೊಂಡ ಮಗುವನ್ನು ಅದನ್ನೇ ನೋಡಿ ಬಿಡಬೇಕು, ಅಳತೆಗೋಲು ನಡುವೆ ಬದಲಾಗಬಾರದು.

ಹಂತ 6: ಆರು ತಿಂಗಳೊಳಗಿನ ಶಿಶುಗಳು

ಇವರಿಗೆ ಪೊಟ್ಟಣದ ಆಹಾರ ಕೊಡಬಾರದು. ಇಲ್ಲಿ ಚಿಕಿತ್ಸೆಯೆಂದರೆ ತಾಯಿಗೆ ಊಟ, ವಿಶ್ರಾಂತಿ, ಮತ್ತು ಮೊಲೆಯೂಡಿಸುವಾಗ ಪಕ್ಕದಲ್ಲಿ ಕುಳಿತು ಸಹಾಯ ಮಾಡುವ ಅನುಭವಿ ಹೆಂಗಸು. ಭಯದಿಂದ ಹಾಲು ಬತ್ತಿಹೋಯಿತೆಂಬ ನಂಬಿಕೆ ಯುದ್ಧ ಕಂಡ ಊರುಗಳಲ್ಲಿ ಬಲವಾಗಿರುತ್ತದೆ. ಒತ್ತಡದಿಂದ ಹಾಲು ಇಳಿಯುವುದು ತುಸು ತಡವಾಗಬಹುದು, ಆದರೆ ಮಗು ಮತ್ತೆ ಮತ್ತೆ ಚೀಪಿದಷ್ಟೂ ಹಾಲು ಉತ್ಪತ್ತಿಯಾಗುತ್ತದೆ. ನಿಂತುಹೋದ ಹಾಲನ್ನೂ ಹೀಗೆ ಮರಳಿ ತರಬಹುದು.

ದಾನವಾಗಿ ಬರುವ ಹಾಲಿನಪುಡಿಯ ಡಬ್ಬಗಳನ್ನು ಸಾಮಾನ್ಯ ಪಡಿತರದಲ್ಲಿ ಹಂಚಲು ಬಿಡಬೇಡಿ. ಕೆಟ್ಟ ನೀರಿನಲ್ಲಿ ಕಲಸಿದ ಬಾಟಲಿ ಹಾಲಿನಿಂದ ಭೇದಿ ಹತ್ತಿ ಶಿಶುಗಳು ಸಾಯುತ್ತವೆ. ಎದೆಹಾಲಿನ ಬದಲಿ ಉತ್ಪನ್ನಗಳ ಮಾರಾಟ ಕುರಿತ 1981ರ ಅಂತರರಾಷ್ಟ್ರೀಯ ಸಂಹಿತೆಯನ್ನು ಮುಂದಿಟ್ಟು ದಾನಿಗಳಿಗೆ ನಿಷ್ಠುರವಾಗಿ ಹೇಳಿ. ತಾಯಿಯನ್ನು ಕಳೆದುಕೊಂಡ, ಹಾಲೂಡುವ ಬೇರೆ ಹೆಂಗಸೂ ಸಿಗದ ಶಿಶುವಿಗೆ ಮಾತ್ರ ವೈದ್ಯಕೀಯ ಮೇಲ್ವಿಚಾರಣೆಯಲ್ಲಿ, ಲೋಟದಿಂದ, ನಿರಂತರ ಪೂರೈಕೆಯ ಭರವಸೆಯೊಂದಿಗೆ ಪುಡಿಹಾಲು ಕೊಡಬೇಕು.

ಹಂತ 7: ಮನೆಯ ಊಟವನ್ನು ಸರಿಪಡಿಸಿ

ಚಿಕಿತ್ಸೆ ಮುಗಿಸಿದ ಮಗು ಅದೇ ತಟ್ಟೆಗೆ ಮರಳಿದರೆ ಮುಂದಿನ ಹಸಿವಿನ ತಿಂಗಳಲ್ಲಿ ಮತ್ತೆ ಕೆಂಪು ಪಟ್ಟಿಗೆ ಬರುತ್ತದೆ. ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆಗೆ ಗಟ್ಟಿ ಆಹಾರ, 6ರಿಂದ 8 ತಿಂಗಳಲ್ಲಿ ದಿನಕ್ಕೆ ಎರಡು ಮೂರು ಬಾರಿ, ಆಮೇಲೆ ಮೂರು ನಾಲ್ಕು ಬಾರಿ ಬೇಕು. ಆಹಾರದ ಗುಂಪುಗಳು ಎಂಟು: ಎದೆಹಾಲು, ಧಾನ್ಯ ಮತ್ತು ಗೆಡ್ಡೆ, ಬೇಳೆಕಾಳು ನೆಲಗಡಲೆ ಮತ್ತು ಎಣ್ಣೆಬೀಜ, ಹಾಲಿನ ಪದಾರ್ಥ, ಮಾಂಸ ಮೀನು, ಮೊಟ್ಟೆ, ವಿಟಮಿನ್ ಎ ತುಂಬಿದ ಹಣ್ಣು ತರಕಾರಿ, ಇತರ ಹಣ್ಣು ತರಕಾರಿ. ಇವುಗಳಲ್ಲಿ ದಿನಕ್ಕೆ ಕನಿಷ್ಠ ಐದು ಮಗುವಿನ ಹೊಟ್ಟೆ ಸೇರಬೇಕು. ಯುದ್ಧದಿಂದ ಹೊರಬಂದ ಮನೆಯಲ್ಲಿ ಹೆಚ್ಚಾಗಿ ಎರಡನೆಯ ಗುಂಪೊಂದೇ ತಟ್ಟೆಯಲ್ಲಿರುತ್ತದೆ.

ಬರಿಯ ಕ್ಯಾಲರಿ ಲೆಕ್ಕ ಎಷ್ಟು ಮೋಸ ಮಾಡಬಲ್ಲುದೆಂಬುದಕ್ಕೆ ಮೊಜಾಂಬಿಕ್ ಯುದ್ಧದ ಎರಡು ಪ್ರಕರಣಗಳು ಸಾಕು. 1990ರಲ್ಲಿ ಮಲಾವಿಯಲ್ಲಿದ್ದ ಮೊಜಾಂಬಿಕ್ ನಿರಾಶ್ರಿತರ ಪಡಿತರದಲ್ಲಿ ನೆಲಗಡಲೆ ನಿಂತುಹೋದಾಗ, ಮೆಕ್ಕೆಜೋಳವನ್ನೇ ನೆಚ್ಚಿದ್ದ ಸಾವಿರಾರು ಜನರಿಗೆ ನಯಾಸಿನ್ ಎಂಬ ವಿಟಮಿನ್ ಕೊರತೆಯಿಂದ ಪೆಲ್ಲಾಗ್ರಾ ಬಂತು: ಬಿಸಿಲು ತಾಗುವ ಚರ್ಮ ಸುಟ್ಟಂತಾಗುವುದು, ಭೇದಿ, ಬುದ್ಧಿಭ್ರಮೆ. ಎರಡನೆಯದು ಮೊಜಾಂಬಿಕ್‌ನದೇ ಉತ್ತರ ಭಾಗದಲ್ಲಿ, 1992 ಮತ್ತು 1993ರಲ್ಲಿ. ಕಹಿ ಮರಗೆಣಸಿನಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿರುತ್ತದೆ. ವಾರಗಟ್ಟಲೆ ಒಣಗಿಸಿದರೆ ಅಥವಾ ಹಲವು ದಿನ ನೆನೆಸಿ ಹುಳಿಯಿಸಿದರೆ ಅದು ಬಹುಮಟ್ಟಿಗೆ ತಗ್ಗುತ್ತದೆ. ಯುದ್ಧ ಮತ್ತು ಹಸಿವಿನ ಒತ್ತಡದಲ್ಲಿ ಜನ ಆ ಕೆಲಸವನ್ನು ಮೊಟಕುಗೊಳಿಸಿದರು, ತಿನ್ನಲು ಬೇರೇನೂ ಇರಲಿಲ್ಲ. ಪರಿಣಾಮವಾಗಿ ಕಾಂಜೋ ಎಂಬ ರೋಗ ಬಂತು: ಇದ್ದಕ್ಕಿದ್ದಂತೆ ಎರಡೂ ಕಾಲು ಬಿಗಿದು, ಮತ್ತೆ ಸರಿಯಾಗದ ಪಾರ್ಶ್ವವಾಯು. ಇದು ಹೆಚ್ಚಾಗಿ ತಗಲುವುದು ಮಕ್ಕಳಿಗೆ ಮತ್ತು ಹೆರುವ ವಯಸ್ಸಿನ ಹೆಂಗಸರಿಗೆ. ಮರಗೆಣಸು ತಿನ್ನುವ ಪ್ರದೇಶದಲ್ಲಿ ನೀವಿದ್ದರೆ, ಹಿಟ್ಟನ್ನು ಎಷ್ಟು ದಿನ ಒಣಗಿಸಿದರೆಂದು ಅಡುಗೆಮನೆಯಲ್ಲಿ ಕೇಳುವುದೂ ನಿಮ್ಮ ಕೆಲಸವೇ.

ಬೀಜ ಹಂಚುವಾಗ ಅದೇ ದಿನ ಆಹಾರವನ್ನೂ ಹಂಚಿ. ಹಸಿದ ಕುಟುಂಬಕ್ಕೆ ಬೀಜ ಮಾತ್ರ ಕೊಟ್ಟರೆ ಅದು ಹೊಲಕ್ಕಲ್ಲ, ಒಲೆಗೆ ಹೋಗುತ್ತದೆ. ಹೊಲಕ್ಕೆ ಕಾಲಿಡಲಾಗದ ಕಡೆ ಮನೆಯ ಹಿತ್ತಿಲಿನ ಸೊಪ್ಪು ತರಕಾರಿ, ಕೋಳಿ, ಆಡುಗಳಿಂದ ಆರಂಭಿಸಿ. ವಿಧವೆಯರ ಹೆಸರಿನಲ್ಲಿ ಜಮೀನು ಉಳಿದಿದೆಯೇ, ಗಂಡನ ಕಡೆಯವರ ಪಾಲಾಗಿದೆಯೇ ಎಂದು ವಿಚಾರಿಸಿ. ಆ ಮನೆಯ ಮಕ್ಕಳ ತೋಳಿನ ಅಳತೆ ಬಹುಪಾಲು ಇದರ ಮೇಲೇ ನಿಂತಿರುತ್ತದೆ, ಕಾನೂನು ನೆರವಿನವರ ಜೊತೆ ಅವರ ಸಂಪರ್ಕ ಮಾಡಿಸಿ.

ಹಂತ 8: ನೀರು ಮತ್ತು ಲಸಿಕೆ

ಭೇದಿ, ದಡಾರ, ಮಲೇರಿಯಾ ಬಂದ ಮಗು ತಿಂದದ್ದನ್ನು ಉಳಿಸಿಕೊಳ್ಳುವುದಿಲ್ಲ. ತುರ್ತು ಸ್ಥಿತಿಯ ಕನಿಷ್ಠ ಮಾನದಂಡ ಒಬ್ಬರಿಗೆ ದಿನಕ್ಕೆ 15 ಲೀಟರ್ ನೀರು. ಬಾವಿಗಳನ್ನು ಬಳಸುವ ಮುನ್ನ ಒಳಗೆ ಶವ, ಆಯುಧ, ರಾಸಾಯನಿಕ ಬಿದ್ದಿವೆಯೇ ಎಂದು ಪರೀಕ್ಷಿಸಿ ಶುದ್ಧೀಕರಿಸಬೇಕು. ಲಸಿಕೆ ನಿಂತುಹೋಗಿದ್ದ ಊರಿನಲ್ಲಿ ಮೊದಲು ದಡಾರದ ಲಸಿಕೆ, ಆರು ತಿಂಗಳು ತುಂಬಿದವರಿಂದಲೇ ಆರಂಭಿಸಿ, ಜೊತೆಗೆ ವಿಟಮಿನ್ ಎ ಹನಿ. ಆರು ತಿಂಗಳಿಗೂ ಒಂಬತ್ತಕ್ಕೂ ನಡುವೆ ಹಾಕಿದ ದಡಾರದ ಲಸಿಕೆ ಹೆಚ್ಚುವರಿ. ಒಂಬತ್ತು ತಿಂಗಳ ನಂತರ ವಾಡಿಕೆಯ ಲಸಿಕೆಗಳನ್ನು ಮತ್ತೆ ಹಾಕಲೇಬೇಕು. ಭೇದಿಗೆ ಜೀವಜಲ (ಓಆರ್‌ಎಸ್) ಮತ್ತು ಸತುವಿನ ಮಾತ್ರೆ ಪ್ರತಿ ಸ್ವಯಂಸೇವಕಿಯ ಚೀಲದಲ್ಲಿರಲಿ. ತೀವ್ರ ಅಪೌಷ್ಟಿಕತೆಯ ಮಗುವಿಗೆ ಮಾತ್ರ ಸಾಮಾನ್ಯ ಜೀವಜಲವನ್ನು ವೈದ್ಯರನ್ನು ಕೇಳದೆ ಕೊಡಬಾರದು, ಅದರ ಸೋಡಿಯಂ ಅಂಥ ಮಗುವಿಗೆ ಭಾರವಾಗುತ್ತದೆ.

ಹಂತ 9: ಸಾಕುವವರನ್ನು ನೋಡಿಕೊಳ್ಳಿ

ಹೊಟ್ಟೆಗೆ ಕೊಟ್ಟರೂ ಮಗು ಮೇಲೇಳದಿದ್ದಾಗ ತಾಯಿಯ ಮುಖ ನೋಡಿ. ಗಂಡನನ್ನು, ಮಕ್ಕಳನ್ನು ಕಳೆದುಕೊಂಡು, ಹಿಂಸೆಗೆ ಒಳಗಾಗಿ ಬಂದ ಹೆಂಗಸಿಗೆ ಕೆಲವೊಮ್ಮೆ ಮಗು ಅಳುವುದೂ ಕೇಳಿಸದಂಥ ಮಂಕು ಕವಿದಿರುತ್ತದೆ. ಇದು ಅಲಕ್ಷ್ಯವಲ್ಲ, ಕಾಯಿಲೆ. ಆಕೆಗೆ ಉಪದೇಶ ಬೇಡ. ವಾರದ ಭೇಟಿಯ ದಿನ ಅದೇ ಊರಿನ ನಾಲ್ಕಾರು ತಾಯಂದಿರ ಜೊತೆ ಕುಳಿತುಕೊಳ್ಳುವ ಜಾಗ, ಮಾತನಾಡಲು ನಂಬಿಕೆಯ ಒಬ್ಬಳು, ಅಗತ್ಯವಿದ್ದರೆ ಮಾನಸಿಕ ಆರೋಗ್ಯ ಚಿಕಿತ್ಸೆ ಬೇಕು. ಮಗುವಿನ ಜೊತೆ ಆಟ, ಮಾತು, ಹಾಡು ಕೂಡ ತೀವ್ರ ಅಪೌಷ್ಟಿಕತೆಯ ಚಿಕಿತ್ಸೆಯ ಅಧಿಕೃತ ಭಾಗ, ಬಿಡುವಿದ್ದರೆ ಮಾಡುವ ಕೆಲಸವಲ್ಲ. ಮಿದುಳು ಬೆಳೆಯುವ ವಯಸ್ಸಿನಲ್ಲಿ ಸ್ಪಂದನವಿಲ್ಲದೆ ತೂಕವೊಂದೇ ಏರಿದರೆ ಚೇತರಿಕೆ ಅರ್ಧದಲ್ಲಿ ನಿಲ್ಲುತ್ತದೆ. ಅನಾಥ ಮಕ್ಕಳನ್ನು ಸಾಕುತ್ತಿರುವ ಅಜ್ಜಿಯರಿಗೂ, ತಮ್ಮ ತಂಗಿಯರನ್ನು ಸಾಕುತ್ತಿರುವ ಹನ್ನೆರಡು ಹದಿಮೂರರ ಹುಡುಗಿಯರಿಗೂ ಇದೇ ಅನ್ವಯಿಸುತ್ತದೆ. ಆ ಹುಡುಗಿಯೂ ಮಗುವೇ, ಅವಳ ಊಟವನ್ನೂ ವಿಚಾರಿಸಿ.

ಹಂತ 10: ಲೆಕ್ಕ ನೋಡಿ, ಹಸ್ತಾಂತರಿಸಿ

ತಿಂಗಳಿಗೊಮ್ಮೆ ಪುಸ್ತಕ ತೆರೆದು ಮೂರು ಅಂಕಿ ತೆಗೆಯಿರಿ. ಚಿಕಿತ್ಸೆಯ ಪಟ್ಟಿಯಿಂದ ಹೊರಹೋದವರಲ್ಲಿ ಗುಣವಾದವರು ಶೇ. 75ಕ್ಕಿಂತ ಹೆಚ್ಚು, ತೀರಿಕೊಂಡವರು ಶೇ. 10ಕ್ಕಿಂತ ಕಡಿಮೆ, ಅರ್ಧಕ್ಕೆ ಬಿಟ್ಟವರು ಶೇ. 15ಕ್ಕಿಂತ ಕಡಿಮೆ ಇರಬೇಕೆಂಬುದು ಸ್ಫಿಯರ್ ಎಂಬ ಅಂತರರಾಷ್ಟ್ರೀಯ ಮಾನವೀಯ ನೆರವಿನ ಮಾನದಂಡ. ಗ್ರಾಮೀಣ ಪ್ರದೇಶದಲ್ಲಿ ತೀವ್ರ ಅಪೌಷ್ಟಿಕತೆಯ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸೇವೆ ತಲುಪಬೇಕು ಎಂಬುದೂ ಅದರಲ್ಲಿದೆ. ಈ ಕೊನೆಯ ಅಂಕಿಯನ್ನೇ ಹೆಚ್ಚು ಗಮನಿಸಿ. ಬಂದ ಮಕ್ಕಳೆಲ್ಲ ಗುಣವಾಗಿದ್ದರೂ ಹೊಳೆಯಾಚೆಯ ಹಳ್ಳಿಯ ಮಕ್ಕಳು ಬಂದೇ ಇಲ್ಲವಾದರೆ ಮೊದಲ ಮೂರು ಅಂಕಿಗಳು ಚೆಂದ ಕಾಣುತ್ತಲೇ ಇರುತ್ತವೆ.

ನೆರವಿನ ಸಂಸ್ಥೆಗಳ ಹಣ ಹೊಸ ಯುದ್ಧಗಳತ್ತ ಹರಿಯುವುದು ಬೇಗ, ಸರ್ಕಾರದ ಆರೋಗ್ಯ ವ್ಯವಸ್ಥೆ ಮೈಕೊಡವಿ ಏಳುವುದು ತಡ. ಈ ನಡುವಿನ ವರ್ಷಗಳಲ್ಲೇ ಮಕ್ಕಳು ಕೈತಪ್ಪುತ್ತಾರೆ. ಆದ್ದರಿಂದ ಮೊದಲ ದಿನದಿಂದಲೇ ಸರ್ಕಾರಿ ಆರೋಗ್ಯ ಕೇಂದ್ರದ ಪುಸ್ತಕ, ಸರ್ಕಾರಿ ನಮೂನೆ, ಸ್ಥಳೀಯ ಭಾಷೆಯ ಚೀಟಿಗಳನ್ನೇ ಬಳಸಿ, ನಿಮ್ಮ ಸಂಸ್ಥೆಯದೇ ಪ್ರತ್ಯೇಕ ದಾಖಲೆ ಕಟ್ಟಬೇಡಿ. ಹಸ್ತಾಂತರದ ದಿನವನ್ನು ಯೋಜನೆಯ ಹಣ ಮುಗಿಯುವ ತಾರೀಖಿಗೆ ಕಟ್ಟಿಹಾಕದೆ, ಕೊಯ್ಲಿನ ಮುಂಚಿನ ಹಸಿವಿನ ತಿಂಗಳುಗಳು ಒಮ್ಮೆ ಪೂರ್ತಿ ಕಳೆದ ಮೇಲೆ ಇಟ್ಟುಕೊಳ್ಳಿ. ಆ ಹಂಗಾಮಿನ ಮನೆಮನೆ ಅಳತೆಯನ್ನು ಊರಿನ ಕಾರ್ಯಕರ್ತೆಯರೇ ನಡೆಸಲಿ. ನೀವು ಹತ್ತು ಮನೆಗೊಂದರಂತೆ ಮರು ಅಳತೆ ಮಾಡಿ, ಎರಡು ಅಳತೆಗಳೂ ಹೊಂದುತ್ತವೆಯೇ ಎಂದಷ್ಟೇ ನೋಡಿ.